5 ವರ್ಷದ ಮಗಳಿಗೆ ಮೊಲ ಬೇಕಂತೆ: ಯಾವ ಪುಟ್ಟ ಪ್ರಾಣಿ ತರಬಹುದು?

ಪ್ರಶ್ನೆ: ಡಾಕ್ಟರೇ, ನನ್ನ ಮಗಳಿಗೆ ಈಗ 5 ವರ್ಷ. ಗೆಳತಿಯ ಮನೆಯಲ್ಲಿ ಮೊಲ ನೋಡಿ ಬಂದ ದಿನದಿಂದ ತನಗೂ ಒಂದು ಬೇಕೆಂದು ಹಟ ಹಿಡಿದಿದ್ದಾಳೆ. ಮಗನಿಗೆ ಒಂದೂವರೆ ವರ್ಷ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾನೆ. ನನ್ನ ಪತಿಗೆ ಚಿಕ್ಕಂದಿನಿಂದ ಉಬ್ಬಸವಿದ್ದು ಈಗ ಹತೋಟಿಯಲ್ಲಿದೆ. ನಾವಿಬ್ಬರೂ ಕೆಲಸಕ್ಕೆ ಹೋಗುವುದರಿಂದ ಹಗಲಿನಲ್ಲಿ ಅತ್ತೆಯವರೇ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಇಲಿ ಜಾತಿಯ ಹ್ಯಾಮ್‌ಸ್ಟರ್ ಚಿಕ್ಕದು, ಅದರ ಕೆಲಸವೂ ಕಡಿಮೆ ಎಂದು ನಾದಿನಿ ಹೇಳುತ್ತಾರೆ. ಗಾಜಿನ ಬಟ್ಟಲಿನಲ್ಲಿ ಎರಡು ಗೋಲ್ಡ್‌ಫಿಶ್ ಇಟ್ಟರೆ ಸಾಕು ಎಂದು ಅಂಗಡಿಯವರು ಹೇಳಿದರು. ಅತ್ತೆಯವರಿಗೆ ಪುಟ್ಟ ಆಮೆಯಾದರೆ ಗಲಾಟೆಯಿಲ್ಲ ಎಂಬ ಅಭಿಪ್ರಾಯ. ಪ್ರಾಣಿ ಸಾಕಿದರೆ ಮಕ್ಕಳಿಗೆ ಜವಾಬ್ದಾರಿ ಬರುತ್ತದೆ ಎನ್ನುವುದು ನಿಜವೇ? ರೋಗಗಳು ಹರಡುತ್ತವೆಯೇ? ನಮ್ಮಂಥ ಮನೆಗೆ ಯಾವುದು ಸರಿ?

ಉತ್ತರ: ಯಾವ ಪ್ರಾಣಿ ಸರಿ ಎಂದು ಕೇಳಿದ್ದೀರಿ. ಆದರೆ ನೀವು ಕೊಟ್ಟ ವಿವರಗಳನ್ನು ಓದಿದರೆ, ಮಗಳ ಆಸೆಯನ್ನು ತಳ್ಳಿಹಾಕಲು ಮನಸ್ಸಿಲ್ಲದಿರುವುದರ ಜೊತೆಗೆ, ತಂದ ಮೇಲೆ ಮಗನಿಗೋ ಪತಿಗೋ ತೊಂದರೆಯಾದರೆ, ಇಲ್ಲವೇ ಆ ಪ್ರಾಣಿಯೇ ನರಳಿದರೆ ಏನು ಗತಿ ಎಂಬ ಅಳುಕು ನಿಮ್ಮನ್ನು ಕಾಡುತ್ತಿರುವುದು ತಿಳಿಯುತ್ತದೆ. ಪಶುವೈದ್ಯನಾಗಿ ನಾನು ಹೇಳುವುದಾದರೆ ಈ ಅಳುಕು ಸರಿಯಾದದ್ದೇ. ಚಿಕಿತ್ಸೆಗೆಂದು ನಮ್ಮ ಬಳಿ ಬರುವ ಚಿಕ್ಕ ಸಾಕುಪ್ರಾಣಿಗಳಲ್ಲಿ ಎಷ್ಟೋ ಪ್ರಾಣಿಗಳಿಗೆ ತಗುಲಿರುವುದು ಸೋಂಕಲ್ಲ. ತಪ್ಪು ಆಹಾರ, ಸಾಲದ ಜಾಗ, ಎತ್ತಿಕೊಳ್ಳುವಾಗ ಕೈಜಾರಿ ಬಿದ್ದ ಪೆಟ್ಟು ಇವೇ ಕಾರಣವಾಗಿರುತ್ತವೆ. ತರುವ ಮೊದಲು ಯೋಚಿಸಿದ್ದರೆ ಇವುಗಳಲ್ಲಿ ಬಹಳಷ್ಟನ್ನು ತಪ್ಪಿಸಬಹುದಿತ್ತು.

ಪ್ರಾಣಿ ಚಿಕ್ಕದಾದಷ್ಟೂ ಅದನ್ನು ಸಾಕುವುದು ಸುಲಭ ಎಂಬ ನಂಬಿಕೆಯನ್ನು ಮೊದಲು ಬದಿಗಿಡಬೇಕು. ನಾಯಿಮರಿ ತರಲು ತಿಂಗಳುಗಟ್ಟಲೆ ಯೋಚಿಸುವ ಕುಟುಂಬವೇ ಹ್ಯಾಮ್‌ಸ್ಟರನ್ನು ಒಂದು ಸಂಜೆ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಸಿಕೊಂಡು ಮನೆಗೆ ಬಂದುಬಿಡುತ್ತದೆ. ವಾಸ್ತವದಲ್ಲಿ ನಾಯಿ ಸಾವಿರಾರು ವರ್ಷ ಮನುಷ್ಯನ ಜೊತೆ ಬಾಳಿ ಪಳಗಿದ ಜೀವಿ. ನೋವಾದರೆ ಅದು ಕುಂಟುತ್ತದೆ, ಮುಲುಗುತ್ತದೆ, ಹತ್ತಿರ ಬಂದು ತನ್ನ ಕಷ್ಟವನ್ನು ತೋರಿಸಿಕೊಳ್ಳುತ್ತದೆ. ಮೊಲ, ಗಿನಿಪಿಗ್, ಹ್ಯಾಮ್‌ಸ್ಟರ್, ಪುಟ್ಟ ಗಿಳಿಗಳು ಹಾಗಲ್ಲ. ಇವು ಬೇರೆ ಪ್ರಾಣಿಗಳಿಗೆ ಬೇಟೆಯಾಗುವ ಜೀವಿಗಳಾದುದರಿಂದ ನಿಶ್ಶಕ್ತಿಯನ್ನು ಹೊರಗೆ ತೋರಿಸದಿರುವುದು ಅವುಗಳಿಗೆ ಹುಟ್ಟಿನಿಂದಲೇ ಬಂದ ಗುಣ. ನಿನ್ನೆಯವರೆಗೂ ಚೆನ್ನಾಗಿತ್ತು, ಇವತ್ತು ಇದ್ದಕ್ಕಿದ್ದಂತೆ ಮಲಗಿಬಿಟ್ಟಿತು ಎಂದು ಜನ ಹೇಳುವಾಗ ಅವರು ಸುಳ್ಳು ಹೇಳುತ್ತಿರುವುದಿಲ್ಲ. ಆ ಪ್ರಾಣಿ ಕೆಲವು ದಿನಗಳಿಂದ ಕಾಯಿಲೆಯಲ್ಲಿದ್ದರೂ ಅದು ಅವರ ಕಣ್ಣಿಗೆ ಬಿದ್ದಿರುವುದಿಲ್ಲ, ಅಷ್ಟೆ.

ಭಯದ ವಿಷಯದಲ್ಲೂ ಹೀಗೆಯೇ. ಮೊಲವನ್ನು ಅಂಗಾತ ಮಲಗಿಸಿ ಹೊಟ್ಟೆ ಸವರಿದರೆ ಅದು ಕದಲದೆ ಬಿದ್ದಿರುವ ವಿಡಿಯೊಗಳನ್ನು ನೀವು ನೋಡಿರಬಹುದು. ನೋಡಿದವರಿಗೆ ಅದು ಸುಖನಿದ್ರೆಯಂತೆ ಕಂಡರೂ, ಬೇಟೆಗಾರನ ಹಿಡಿತಕ್ಕೆ ಸಿಕ್ಕಿಬಿದ್ದ ಪ್ರಾಣಿ ಕೊನೆಯ ಉಪಾಯವಾಗಿ ಸತ್ತಂತೆ ಸ್ತಬ್ಧವಾಗುವ ಸ್ಥಿತಿ ಅದು. ಆಗ ಅದರ ದೇಹದಲ್ಲಿ ಭಯದ ಲಕ್ಷಣಗಳೇ ಇರುತ್ತವೆ. 5 ವರ್ಷದ ಮಗುವಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ತಿಳಿಯಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಸುಮ್ಮನೆ ಕೂತಿದೆ, ಅಂದರೆ ನಾನು ಎತ್ತಿಕೊಂಡದ್ದು ಅದಕ್ಕೆ ಇಷ್ಟವಾಗಿದೆ ಎಂದೇ ಮಗು ಭಾವಿಸುತ್ತದೆ.

ಆದ್ದರಿಂದ ಯಾವ ಪ್ರಾಣಿ ಎಂದು ಯೋಚಿಸುವ ಮೊದಲು, ಮಗಳು ಬಯಸುತ್ತಿರುವುದು ಕೈಯಲ್ಲಿ ಹಿಡಿಯುವ ಪ್ರಾಣಿಯನ್ನೋ, ನೋಡುತ್ತಾ ಕೂರುವ ಪ್ರಾಣಿಯನ್ನೋ ಎಂಬುದನ್ನು ತಿಳಿದುಕೊಳ್ಳಿ. ಗೆಳತಿಯ ಮನೆಯಲ್ಲಿ ಅವಳಿಗೆ ಹಿಡಿಸಿದ್ದು ಮೊಲದ ಮೆತ್ತನೆಯ ಮೈಯೇ, ಅದರ ಓಡಾಟವೇ, ಅಥವಾ ಅದು ಎಲೆ ಕಚ್ಚಿ ತಿನ್ನುವ ರೀತಿಯೇ ಎಂದು ಕೇಳಿ ನೋಡಿ. ಎಷ್ಟೋ ಮಕ್ಕಳು ತಿನ್ನಿಸುವುದು, ನೋಡುವುದು, ಹೆಸರಿಡುವುದು ಇಷ್ಟರಲ್ಲೇ ತೃಪ್ತರಾಗುತ್ತಾರೆ. ಎತ್ತಿಕೊಂಡು ಮುದ್ದಿಸುವುದೇ ಬೇಕು ಎನ್ನುವ ಮಗುವಿಗೆ ಈ ವಯಸ್ಸಿನಲ್ಲಿ ಯಾವ ಪುಟ್ಟ ಪ್ರಾಣಿಯೂ ಸೂಕ್ತವಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಈಗ ಮೊಲದ ಮಾತು. ಚಿಕ್ಕ ಮಕ್ಕಳಿಗೆಂದು ಜನ ಮೊದಲು ಆರಿಸುವುದು ಮೊಲವನ್ನೇ, ಆದರೆ ಚಿಕ್ಕ ಮಕ್ಕಳಿರುವ ಮನೆಗೆ ನಾನು ಕೊನೆಯಲ್ಲಿ ಶಿಫಾರಸು ಮಾಡುವ ಪ್ರಾಣಿಯೂ ಅದೇ. ಮೊಲದ ಹಿಂಗಾಲುಗಳು ಬಲಿಷ್ಠ, ಮೂಳೆಗಳು ಮಾತ್ರ ಹಗುರ. ಇಡೀ ಅಸ್ಥಿಪಂಜರದ ತೂಕ ದೇಹತೂಕದ ಸುಮಾರು ಶೇಕಡ 7ರಿಂದ 8ರಷ್ಟು. ಸೊಂಟಕ್ಕೆ ಆಧಾರ ಕೊಡದೆ ಎತ್ತಿಕೊಂಡಾಗ ಅದು ಹೆದರಿ ಹಿಂಗಾಲು ಝಾಡಿಸಿದರೆ, ನೆಲಕ್ಕೆ ಬೀಳದೆಯೇ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಲ್ಲದು. ಹಿಂಗಾಲು ಎಳೆಯುತ್ತಾ ಬರುವ ಮೊಲಗಳನ್ನು ನಾವು ನೋಡುತ್ತಿರುತ್ತೇವೆ, ಅವುಗಳಲ್ಲಿ ಅನೇಕವನ್ನು ಉಳಿಸಲಾಗುವುದಿಲ್ಲ. ಇದರ ಜೊತೆಗೆ ಮೊಲ ಸಾಮಾನ್ಯವಾಗಿ 8ರಿಂದ 12 ವರ್ಷ ಬದುಕುತ್ತದೆ. ಇಂದು ತಂದ ಮೊಲ ನಿಮ್ಮ ಮಗಳು ಹೈಸ್ಕೂಲು ಮುಗಿಸುವವರೆಗೂ ಮನೆಯಲ್ಲಿರುತ್ತದೆ. ಅದಕ್ಕೆ ಜೊತೆಗಾರ ಬೇಕು, ದಿನಕ್ಕೆ ಹಲವು ಗಂಟೆ ಓಡಾಡಲು ನೆಲ ಬೇಕು, ಮೆಲ್ಲಲು ದಿನವಿಡೀ ಒಣಹುಲ್ಲು ಬೇಕು. ಬರಿಯ ಗಜ್ಜರಿ ಕೊಟ್ಟು ಸಾಕಬಹುದು ಎನ್ನುವುದು ಚಿತ್ರಪುಸ್ತಕಗಳು ಕಲಿಸಿದ ತಪ್ಪು ಪಾಠ. ಗಜ್ಜರಿಯಲ್ಲಿ ಸಕ್ಕರೆಯ ಅಂಶ ಹೆಚ್ಚಿರುವುದರಿಂದ ಅದನ್ನು ಅಪರೂಪಕ್ಕೊಂದು ಚೂರು ಕೊಡಬಹುದೇ ಹೊರತು ಊಟವಾಗಿ ಅಲ್ಲ.

ಹುಲ್ಲಿನ ಮೇಲೆ ಇಷ್ಟು ಒತ್ತು ಕೊಡಲು ಕಾರಣವಿದೆ. ಮೊಲದ ಹಲ್ಲುಗಳು ಜೀವನಪರ್ಯಂತ ಬೆಳೆಯುತ್ತಲೇ ಇರುತ್ತವೆ, ಮುಂಹಲ್ಲುಗಳಂತೂ ವಾರಕ್ಕೆ ಸುಮಾರು 2 ಮಿಲಿಮೀಟರಿನಷ್ಟು ಬೆಳೆಯುತ್ತವೆ. ಹುಲ್ಲನ್ನು ಅಗಿಯುತ್ತಿದ್ದರೆ ಮಾತ್ರ ಅವು ಸರಿಯಾಗಿ ಸವೆಯುತ್ತವೆ. ನಾರು ಕಡಿಮೆಯಾದರೆ ಕರುಳಿನ ಚಲನೆ ನಿಧಾನವಾಗಿ ಒಳಗೆ ಅನಿಲ ತುಂಬಿಕೊಳ್ಳುತ್ತದೆ. ಮೊಲ 12 ಗಂಟೆ ಏನನ್ನೂ ತಿನ್ನಲಿಲ್ಲ, ಹಿಕ್ಕೆಯನ್ನೂ ಹಾಕಲಿಲ್ಲ ಎಂದರೆ ಬೆಳಗಾಗಲಿ ನೋಡೋಣ ಎಂದು ಕಾಯುವಂತಿಲ್ಲ, ಅದು ತುರ್ತು ಸ್ಥಿತಿ. ನೀವಿಬ್ಬರೂ ಹೊರಗಿರುವ ಹಗಲಿನಲ್ಲಿ, ಎರಡು ಮಕ್ಕಳ ಜೊತೆಗೆ ಇದನ್ನೂ ಗಮನಿಸುವ ಹೊಣೆಯನ್ನು ಅತ್ತೆಯವರ ಮೇಲೆ ಹೊರಿಸುವುದು ನ್ಯಾಯವಲ್ಲ.

ನಾದಿನಿಯವರು ಹೇಳಿದ ಹ್ಯಾಮ್‌ಸ್ಟರ್ ನೋಡಲು ಮುದ್ದಾಗಿರುತ್ತದೆ, ನಿಜ. ಇಂದು ಮನೆಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳಲ್ಲಿ ಬಹುತೇಕ ಎಲ್ಲವೂ 1930ರಲ್ಲಿ ಸಿರಿಯಾದ ಅಲೆಪ್ಪೊ ಬಳಿ ಬಿಲದಿಂದ ಅಗೆದು ತೆಗೆದ ಒಂದು ತಾಯಿ ಮತ್ತು ಅದರ ಮರಿಗಳ ಸಂತತಿ. ಮನುಷ್ಯರ ಮನೆಗೆ ಬಂದು ನೂರು ವರ್ಷವೂ ಆಗದ ಈ ಪ್ರಾಣಿ ತನ್ನ ಮರುಭೂಮಿಯ ಅಂಚಿನ ಅಭ್ಯಾಸಗಳನ್ನು ಬಿಟ್ಟಿಲ್ಲ. ಹಗಲೆಲ್ಲ ನಿದ್ರಿಸುತ್ತದೆ, ಮಕ್ಕಳು ಮಲಗಿದ ಮೇಲೆ ಎದ್ದು ರಾತ್ರಿಯಿಡೀ ಓಡುತ್ತದೆ. ಪ್ರಾಯಕ್ಕೆ ಬಂದ ಮೇಲೆ ತನ್ನ ಜಾತಿಯ ಇನ್ನೊಂದನ್ನು ಹತ್ತಿರ ಸೇರಿಸುವುದಿಲ್ಲ. ಜೊತೆಗಿರಲೆಂದು ಎರಡನ್ನು ಒಂದೇ ಪಂಜರದಲ್ಲಿಟ್ಟರೆ ಒಂದು ಇನ್ನೊಂದನ್ನು ಕೊಲ್ಲುವವರೆಗೂ ಜಗಳ ಹೋಗಬಹುದು. ಶಾಲೆಯಿಂದ ಬಂದ ಮಗು ನಿದ್ದೆಯಲ್ಲಿರುವ ಹ್ಯಾಮ್‌ಸ್ಟರನ್ನು ಮುಟ್ಟಿ ಎಬ್ಬಿಸಿದರೆ ಅದು ಕಚ್ಚುತ್ತದೆ, ಕಚ್ಚಿಸಿಕೊಂಡ ಮಗು ಕೈ ಕೊಡವುತ್ತದೆ, ಹ್ಯಾಮ್‌ಸ್ಟರ್ ನೆಲಕ್ಕೆ ಬೀಳುತ್ತದೆ. ಈ ಮೂರೂ ಒಂದೇ ಕ್ಷಣದಲ್ಲಿ ಆಗಿಹೋಗುತ್ತವೆ. ಆಯುಸ್ಸು ಸುಮಾರು 2 ವರ್ಷ, ಹೆಚ್ಚೆಂದರೆ 3. ರಾತ್ರಿ ಎಚ್ಚರವಿರುವ ಹದಿಹರೆಯದವರಿಗೆ ಅದು ಒಳ್ಳೆಯ ಸಂಗಾತಿಯಾಗಬಲ್ಲದು, 5 ವರ್ಷದವರಿಗಲ್ಲ. ಸಾಕು ಇಲಿಗಳು ಇದಕ್ಕಿಂತ ಬುದ್ಧಿಯುಳ್ಳವು, ಮನುಷ್ಯರಿಗೆ ಬೇಗ ಒಗ್ಗಿಕೊಳ್ಳುತ್ತವೆ ಎನ್ನುವುದನ್ನು ಹೇಳದಿದ್ದರೆ ಅವುಗಳಿಗೆ ಅನ್ಯಾಯವಾದೀತು. ಆದರೆ ಅವುಗಳನ್ನು ಜೋಡಿಯಾಗಿಯೇ ಸಾಕಬೇಕು, ಆಯುಸ್ಸೂ ಅಷ್ಟೇ ಚಿಕ್ಕದು, ಉಬ್ಬಸವಿರುವ ಮನೆಗೆ ಅವುಗಳ ಮೂತ್ರ ತೊಂದರೆ ಕೊಡಬಹುದು.

ಆಮೆಯ ವಿಷಯದಲ್ಲಿ ನಾನು ಖಚಿತವಾಗಿ ಬೇಡ ಎನ್ನುತ್ತೇನೆ. ಆರೋಗ್ಯವಾಗಿಯೇ ಕಾಣುವ ಆಮೆ, ಹಲ್ಲಿ ಜಾತಿಯ ಪ್ರಾಣಿ, ಹಾವು, ಕಪ್ಪೆ ಇವುಗಳ ಕರುಳಿನಲ್ಲಿ ಸಾಲ್ಮೊನೆಲ್ಲ ಬ್ಯಾಕ್ಟೀರಿಯ ಇರಬಹುದು, ಮಲದ ಮೂಲಕ ಅದು ಚಿಪ್ಪಿಗೂ ತೊಟ್ಟಿಯ ನೀರಿಗೂ ಹರಡುತ್ತದೆ. ದೊಡ್ಡವರಿಗೆ ಎರಡು ದಿನದ ಭೇದಿಯಾಗಿ ಹೋಗುವ ಈ ಸೋಂಕು ಚಿಕ್ಕ ಮಕ್ಕಳಲ್ಲಿ ರಕ್ತಕ್ಕೆ ಸೇರಿ ಜೀವಕ್ಕೇ ಅಪಾಯ ತರಬಲ್ಲದು. ಅಮೆರಿಕದಲ್ಲಿ ಚಿಪ್ಪಿನ ಉದ್ದ 4 ಇಂಚಿಗಿಂತ ಕಡಿಮೆಯಿರುವ ಆಮೆಗಳನ್ನು ಸಾಕಲು ಮಾರುವುದನ್ನು 1975ರಲ್ಲೇ ನಿಷೇಧಿಸಿದ್ದಕ್ಕೆ ಕಾರಣ ಇದೇ: ಅಷ್ಟು ಚಿಕ್ಕ ಆಮೆ ಮಗುವಿನ ಬಾಯಿಗೆ ಹೋಗುತ್ತದೆ. 5 ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಸರೀಸೃಪ ಮತ್ತು ಉಭಯಚರಗಳು ಬೇಡ ಎಂಬುದು ವೈದ್ಯಲೋಕದಲ್ಲಿ ಎಲ್ಲರೂ ಒಪ್ಪುವ ಸಲಹೆ, ನಿಮ್ಮ ಮಗನಿಗೆ ಒಂದೂವರೆ ವರ್ಷ. ಇನ್ನು ಗಲಾಟೆಯಿಲ್ಲ ಎಂಬ ಮಾತು. ನಾಣ್ಯದಷ್ಟಿರುವಾಗ ಮಾರುವ ಕೆಂಪು ಕಿವಿಯ ಆಮೆಯ ಮರಿ ಬೆಳೆದು ಊಟದ ತಟ್ಟೆಯಷ್ಟಾಗುತ್ತದೆ, 20 ವರ್ಷಕ್ಕೂ ಮೀರಿ ಬದುಕುತ್ತದೆ, ಅತಿನೇರಳೆ ಕಿರಣ ಕೊಡುವ ವಿಶೇಷ ದೀಪವಿಲ್ಲದಿದ್ದರೆ ಅದರ ಚಿಪ್ಪು ಮೆತ್ತಗಾಗುತ್ತದೆ. ಸಾಕಲಾಗದೆ ಜನ ಕೆರೆಗೆ ಬಿಟ್ಟ ಇಂಥ ಆಮೆಗಳು ಸ್ಥಳೀಯ ಆಮೆಗಳ ಜಾಗವನ್ನು ಆಕ್ರಮಿಸಿ, ಜಗತ್ತಿನ 100 ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಗೂ ಸೇರಿವೆ.

ಲವ್ ಬರ್ಡ್ಸ್ ಎಂದು ಜನ ಕರೆಯುವ ಬಜ್ರಿಗರ್ ಹಕ್ಕಿಗಳನ್ನು ನೀವು ಕೇಳಿಲ್ಲವಾದರೂ ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ಅವುಗಳ ಗರಿ ಮತ್ತು ಒಣಗಿದ ಹಿಕ್ಕೆಯ ಧೂಳು ಉಬ್ಬಸವಿರುವವರಿಗೆ ಆಗುವುದಿಲ್ಲ, ನಾನ್‌ಸ್ಟಿಕ್ ಬಾಣಲೆ ಅತಿಯಾಗಿ ಕಾದಾಗ ಹೊರಡುವ ಹೊಗೆ ಅವುಗಳನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ನಿಮ್ಮ ಮನೆಗೆ ಅವು ಸಲ್ಲುವುದಿಲ್ಲ.

ಉಳಿದವುಗಳಲ್ಲಿ, ಕೈಯಿಂದ ಮುಟ್ಟಬಹುದಾದ ಪುಟ್ಟ ಪ್ರಾಣಿಗಳ ಪೈಕಿ ಮಕ್ಕಳಿಗೆ ಹೊಂದುವುದು ಗಿನಿಪಿಗ್ ಎಂಬುದು ನನ್ನ ಅನುಭವದ ಮಾತು. ಅದು ಹಗಲಿನಲ್ಲೂ ಎಚ್ಚರವಿರುತ್ತದೆ, ಕಚ್ಚುವುದು ಕಡಿಮೆ, ಹತ್ತುವುದಾಗಲಿ ಎತ್ತರಕ್ಕೆ ಜಿಗಿಯುವುದಾಗಲಿ ಅದರ ಸ್ವಭಾವವಲ್ಲ, ಸಿಳ್ಳೆಯಂಥ ಕೂಗಿನಿಂದ ತನಗೆ ಬೇಕಾದದ್ದನ್ನು ಕೇಳುತ್ತದೆ. ಸೊಪ್ಪು ಎಲ್ಲಿಂದ ಬರುತ್ತದೆ ಎಂದು ಕಲಿತ ಮೇಲೆ ಫ್ರಿಜ್ಜಿನ ಬಾಗಿಲು ತೆಗೆದ ಸದ್ದಿಗೇ ಕೂಗತೊಡಗುತ್ತದೆ, ಮಕ್ಕಳಿಗೆ ಅದಕ್ಕಿಂತ ಸಂಭ್ರಮ ಬೇರೆ ಇಲ್ಲ. ಆದರೆ ಅದರ ಬೇಡಿಕೆಗಳೂ ಕಡಿಮೆಯಲ್ಲ. ಗುಂಪಿನಲ್ಲಿ ಬಾಳುವ ಪ್ರಾಣಿಯಾದುದರಿಂದ ಎರಡನ್ನಾದರೂ ಸಾಕಬೇಕು, ಎರಡೂ ಒಂದೇ ಲಿಂಗದವಾಗಿರಬೇಕು. ಮರಿಗಳು ಹುಟ್ಟುವಾಗಲೇ ಕಣ್ಣು ತೆರೆದು ಮೈತುಂಬ ಕೂದಲಿರುವ ಸ್ಥಿತಿಯಲ್ಲಿರುತ್ತವೆ, ಗಂಡುಮರಿ ಮೂರ್ನಾಲ್ಕು ವಾರಕ್ಕೇ ಸಂತಾನಕ್ಕೆ ಸಮರ್ಥವಾಗಿಬಿಡುತ್ತದೆ. ಅಂಗಡಿಯಲ್ಲಿ ಗಂಡುಹೆಣ್ಣು ಬೆರೆತೇ ಇರುವುದರಿಂದ ಎರಡು ಹೆಣ್ಣು ಎಂದು ತಂದ ಮನೆಯಲ್ಲಿ ಎರಡು ತಿಂಗಳಿಗೆ ಐದಾರು ಪ್ರಾಣಿಗಳಾಗುವುದು ಅಪರೂಪವೇನಲ್ಲ. ತಂದ ವಾರದಲ್ಲೇ ಪಶುವೈದ್ಯರಿಂದ ಲಿಂಗ ಖಚಿತಪಡಿಸಿಕೊಳ್ಳಿ.

ಗಿನಿಪಿಗ್‌ನ ಇನ್ನೊಂದು ವಿಶೇಷವೆಂದರೆ, ಮನುಷ್ಯರಂತೆ ಅದರ ದೇಹವೂ ವಿಟಮಿನ್ ಸಿ ಯನ್ನು ತಾನೇ ತಯಾರಿಸಿಕೊಳ್ಳಲಾರದು. ಪ್ರತಿ ಕಿಲೊ ದೇಹತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಹೊರಗಿನಿಂದಲೇ ಸಿಗಬೇಕು. ದಪ್ಪ ಮೆಣಸಿನಕಾಯಿ ಮತ್ತು ಕೊತ್ತಂಬರಿಯಂಥ ಹಸಿ ಸೊಪ್ಪುಗಳಿಂದ ಅದನ್ನು ಒದಗಿಸಬಹುದು. ಮೊಲಕ್ಕೆಂದು ಮಾರುವ ಸಿದ್ಧ ಆಹಾರದಲ್ಲಿ ಈ ವಿಟಮಿನ್ ಇರುವುದಿಲ್ಲ, ಕುಡಿಯುವ ನೀರಿಗೆ ಬೆರೆಸಿದ್ದು ಗಂಟೆಗಳಲ್ಲಿ ಕೆಟ್ಟುಹೋಗುತ್ತದೆ. ಕೊರತೆಯಾದರೆ ಕೀಲು ಊದಿಕೊಂಡು, ಒಸಡಿನಲ್ಲಿ ರಕ್ತ ಜಿನುಗಿ, ಪ್ರಾಣಿ ಮುಟ್ಟಿದರೆ ಚೀರುತ್ತದೆ. ಎರಡು ಗಿನಿಪಿಗ್‌ಗಳಿಗೆ 7–8 ಚದರ ಅಡಿಯಾದರೂ ಸಪಾಟಾದ ನೆಲ ಬೇಕು, ಮಹಡಿ ಮಹಡಿಯಾಗಿ ಕಟ್ಟಿದ ಪಂಜರ ಬೇಡ. ಶಾಖವನ್ನು ಅವು ತಡೆಯಲಾರವು. ಕೋಣೆಯ ಉಷ್ಣತೆ 27–28 ಡಿಗ್ರಿ ಸೆಲ್ಸಿಯಸ್ ದಾಟಿದರೆ ತಂಪಿನ ಏರ್ಪಾಡು ಮಾಡಬೇಕಾಗುತ್ತದೆ. ಆಯುಸ್ಸು 5ರಿಂದ 8 ವರ್ಷ.

ಮಗು ಗಿನಿಪಿಗ್‌ನ್ನು ಮುಟ್ಟುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅಪಘಾತಗಳು ಆಗುವುದು ಇಲ್ಲೇ. ಮಗು ಸೋಫಾದ ಮೇಲಲ್ಲ, ನೆಲದ ಮೇಲೆ ಕಾಲು ಚಾಚಿ ಕೂರಬೇಕು, ತೊಡೆಯ ಮೇಲೆ ದಪ್ಪ ಟವೆಲ್ ಹಾಸಬೇಕು. ಪ್ರಾಣಿಯನ್ನು ಎತ್ತುವುದು ಯಾವಾಗಲೂ ದೊಡ್ಡವರ ಕೆಲಸ: ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ, ಪ್ರಾಣಿಯ ಪಕ್ಕೆ ನಿಮ್ಮ ಎದೆಗೆ ಒರಗಿರಬೇಕು. ತೊಡೆಯ ಮೇಲಿಟ್ಟ ಬಳಿಕ ಮಗು ಒಂದೇ ಕೈಯಿಂದ, ಕೂದಲು ಬೆಳೆದ ದಿಕ್ಕಿನಲ್ಲಿ, ತಲೆಯಿಂದ ಬೆನ್ನಿನ ಕಡೆಗೆ ಸವರಬಹುದು. ಅದು ತಲೆಯನ್ನು ಮೇಲಕ್ಕೆ ಒಮ್ಮೆ ಕೊಡವಿದರೆ ಇಷ್ಟು ಸಾಕು ಎಂದರ್ಥ, ಹಲ್ಲು ಕಟಕಟ ಮಾಡಿದರೆ ಸಿಟ್ಟು ಬಂದಿದೆ ಎಂದರ್ಥ. ಐದು ನಿಮಿಷ ಸಾಕು. ಈ ಎರಡು ಸೂಚನೆಗಳನ್ನು ಗುರುತಿಸಿ ಕೈ ಹಿಂದಕ್ಕೆ ತೆಗೆದುಕೊಳ್ಳುವಷ್ಟು ಸಂಯಮ ಮಗಳಿಗೆ ಬಂದಿದೆಯೇ ಎಂಬುದೇ ವಯಸ್ಸಿಗಿಂತ ಒಳ್ಳೆಯ ಅಳತೆಗೋಲು.

ಮೀನು ಬೇಡ ಎಂದು ಮಕ್ಕಳು ಮೊದಲು ಮುಖ ಸಿಂಡರಿಸುವುದುಂಟು, ಆದರೂ ನಿಮ್ಮ ಮನೆಗೆ ಸದ್ಯಕ್ಕೆ ಸರಿಹೊಂದುವುದು ಅದೇ ಎನ್ನುತ್ತೇನೆ. ಆದರೆ ಅಂಗಡಿಯವರು ಹೇಳಿದ ಬಟ್ಟಲಿನಲ್ಲಿ ಅಲ್ಲ. ಗೋಲ್ಡ್‌ಫಿಶ್‌ಗೆ ಬಟ್ಟಲು ಸಾಕು ಎನ್ನುವುದಕ್ಕೆ ಬೆಂಬಲವಾಗಿ ಅದಕ್ಕೆ ಮೂರೇ ಸೆಕೆಂಡಿನ ನೆನಪು ಎಂಬ ಕಟ್ಟುಕತೆಯನ್ನೂ ಹೇಳುತ್ತಾರೆ. ತರಬೇತಿ ಕೊಟ್ಟದ್ದನ್ನು ಅದು ವಾರಗಟ್ಟಲೆ, ತಿಂಗಳುಗಟ್ಟಲೆ ನೆನಪಿಡುವುದನ್ನು ಪ್ರಯೋಗಗಳು ತೋರಿಸಿವೆ. ಚೆನ್ನಾಗಿ ನೋಡಿಕೊಂಡರೆ ಅದು 10 ವರ್ಷಕ್ಕೂ ಮೀರಿ ಬದುಕಿ ಗೇಣುದ್ದ ಬೆಳೆಯುವ ಮೀನು. ಬಟ್ಟಲಿನಲ್ಲಿ ಸಾಯುವುದು ನೆನಪಿಲ್ಲದ್ದರಿಂದಲ್ಲ, ತನ್ನದೇ ದೇಹ ಹೊರಹಾಕುವ ಅಮೋನಿಯದಿಂದ.

ಅಮೋನಿಯದ ಈ ವಿಷಯ ಅರ್ಥವಾದರೆ ಮೀನು ಸಾಕುವುದರ ಮುಕ್ಕಾಲು ಭಾಗ ಅರ್ಥವಾದಂತೆ. ಮೀನು ಕಿವಿರಿನ ಮೂಲಕ ಅಮೋನಿಯವನ್ನು ಹೊರಹಾಕುತ್ತಲೇ ಇರುತ್ತದೆ, ತಿನ್ನದೆ ಉಳಿದ ಆಹಾರ ಕೊಳೆತು ಇನ್ನಷ್ಟು ಸೇರುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ಅಷ್ಟಾಗಿ ವಿಷವಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ತೊಟ್ಟಿ ಮತ್ತು ಮೀನನ್ನು ಒಂದೇ ದಿನ ತಂದವರ ಮನೆಯಲ್ಲಿ ಮೂರನೆಯ ದಿನ ನೀರು ಹಾಲಿನಂತೆ ಮಸುಕಾಗುತ್ತದೆ, ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಿಡತೊಡಗುತ್ತವೆ. ಗಾಬರಿಯಾದ ಮನೆಯವರು ನೀರನ್ನೆಲ್ಲ ಚೆಲ್ಲಿ, ಫಿಲ್ಟರನ್ನು ನಲ್ಲಿಯ ಕೆಳಗೆ ತಿಕ್ಕಿ ತೊಳೆದು, ಆಗಷ್ಟೇ ಹುಟ್ಟಿಕೊಳ್ಳುತ್ತಿದ್ದ ಬ್ಯಾಕ್ಟೀರಿಯಗಳನ್ನೂ ತೊಳೆದುಹಾಕುತ್ತಾರೆ. ನೀರು ಕನ್ನಡಿಯಂತೆ ಕಂಡರೂ ಮರುವಾರ ಮೀನುಗಳು ಒಂದೊಂದಾಗಿ ಸಾಯುತ್ತವೆ.

ಹಾಗಾಗದಂತೆ, ಸುಮಾರು 60 ಲೀಟರಿನ, ಮುಚ್ಚಳ ಮತ್ತು ಫಿಲ್ಟರ್ ಇರುವ ತೊಟ್ಟಿಯನ್ನು ತಂದು, ಕ್ಲೋರಿನ್ ತೆಗೆಯುವ ದ್ರವ ಹಾಕಿದ ನೀರು ತುಂಬಿಸಿ, ಮೀನಿಲ್ಲದೆಯೇ ನಡೆಸಲು ಆರಂಭಿಸಿ. ದಿನಕ್ಕೊಮ್ಮೆ ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದರೆ ಅದು ಕೊಳೆತು ಬ್ಯಾಕ್ಟೀರಿಯಗಳಿಗೆ ಬೇಕಾದ ಅಮೋನಿಯ ಸಿಗುತ್ತದೆ. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಗಪ್ಪಿ ಎಂಬ ಪುಟ್ಟ ಮೀನಿನ ಐದಾರು ಗಂಡುಗಳನ್ನು ತನ್ನಿ. ಗಂಡುಗಳನ್ನೇ ಏಕೆಂದರೆ ಬಣ್ಣವಿರುವುದು ಅವಕ್ಕೇ, ಮೇಲಾಗಿ ಒಂದೇ ಒಂದು ಹೆಣ್ಣು ಬಂದರೂ ನಾಲ್ಕು ವಾರಕ್ಕೊಮ್ಮೆ ಮರಿಗಳು ಹುಟ್ಟುತ್ತಲೇ ಇರುತ್ತವೆ. ಅಂಗಡಿಯಲ್ಲೇ ಗರ್ಭ ಧರಿಸಿ ಬಂದ ಹೆಣ್ಣಿಗೆ ಮುಂದೆ ಗಂಡು ಬೇಕೆಂದೂ ಇಲ್ಲ. ಅನಂತರ ವಾರಕ್ಕೊಮ್ಮೆ ನೀರಿನ ಕಾಲುಭಾಗವನ್ನಷ್ಟೇ ಬದಲಿಸಿ, ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಅದ್ದಿ ಹಿಂಡಿ. ಉಷ್ಣತೆ 24–26 ಡಿಗ್ರಿಯಲ್ಲಿರಲಿ. ಕಾಯಬೇಕಾದ ಆ ಐದಾರು ವಾರಗಳು ಮಗಳ ಮಟ್ಟಿಗೆ ದೀರ್ಘವೇ. ಆದರೆ ಕಿಟ್‌ನ ಬಣ್ಣ ದಿನದಿನಕ್ಕೂ ಬದಲಾಗುವುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಬಿಟ್ಟರೆ ಮಕ್ಕಳು ಅದನ್ನೂ ಆಸಕ್ತಿಯಿಂದ ಮಾಡುತ್ತಾರೆ.

ಅಪಾಯಗಳು ಇಲ್ಲಿಯೂ ಇವೆ. ನೀರು ತುಂಬಿದ ತೊಟ್ಟಿಯ ತೂಕ 60 ಕಿಲೊಗಿಂತ ಹೆಚ್ಚು. ನಿಮ್ಮ ಮಗ ಹಿಡಿದು ನಿಂತುಕೊಳ್ಳುವಂಥ ಅಲ್ಲಾಡುವ ಮೇಜಿನ ಮೇಲೆ ಅದನ್ನು ಇಡಬಾರದು. ವಿದ್ಯುತ್ ತಂತಿಯನ್ನು ಪ್ಲಗ್ಗಿಗಿಂತ ಕೆಳಗೆ ಇಳಿಬಿಟ್ಟು ಮೇಲಕ್ಕೆ ತಂದಿರಬೇಕು, ಆಗ ತಂತಿಯಗುಂಟ ಹರಿದ ನೀರು ಪ್ಲಗ್ಗಿಗೆ ಹೋಗುವುದಿಲ್ಲ. ಕೈಯಲ್ಲಿ ಗಾಯವಿದ್ದಾಗ ಬರಿಗೈಯನ್ನು ತೊಟ್ಟಿಗೆ ಹಾಕಬೇಡಿ. ವಾಸಿಯಾಗಲು ತಿಂಗಳುಗಳೇ ಹಿಡಿಯುವ ಒಂದು ಬಗೆಯ ಚರ್ಮದ ಸೋಂಕು ಹಾಗೆ ಬರುವುದುಂಟು. ಕೊಳವೆಯಿಂದ ನೀರು ತೆಗೆಯುವಾಗ ಬಾಯಿಂದ ಹೀರುವುದೂ ಬೇಡ. ಮೀನುಗಳು ಸಾಯುವ ಸಾಮಾನ್ಯ ಕಾರಣ ಹಸಿವಲ್ಲ, ಅತಿಯಾದ ಆಹಾರ. ಆದ್ದರಿಂದ ದಿನದ ಆಹಾರವನ್ನು ನೀವೇ ಒಂದು ಪುಟ್ಟ ಡಬ್ಬಿಯಲ್ಲಿ ಅಳೆದಿಟ್ಟು, ಅದನ್ನು ಹಾಕುವ ಹಕ್ಕನ್ನು ಮಾತ್ರ ಮಗಳಿಗೆ ಕೊಡಿ. ದೊಡ್ಡ ಡಬ್ಬಿ ಅವಳ ಕೈಗೆ ಎಟುಕದ ಜಾಗದಲ್ಲಿರಲಿ.

ಜವಾಬ್ದಾರಿಯ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಪ್ರಾಣಿಯನ್ನು ತಂದುಕೊಟ್ಟ ಮಾತ್ರಕ್ಕೆ ಮಗುವಿಗೆ ಜವಾಬ್ದಾರಿ ಬರುವುದಿಲ್ಲ. ದೊಡ್ಡವರು ಪ್ರತಿದಿನ ಬೇಸರಿಸದೆ ಅದರ ಕೆಲಸ ಮಾಡುವುದನ್ನು ನೋಡುತ್ತಾ, ಜೊತೆಗೆ ಸಣ್ಣ ಪಾಲು ಪಡೆಯುತ್ತಾ ಮಗು ಕಲಿಯುತ್ತದೆ. 5 ವರ್ಷದ ಮಗು ನೀರಿನ ಬಾಟಲಿ ಖಾಲಿಯಾಗಿದೆ ಎಂದು ಹೇಳಬಲ್ಲದು, ಮೀನುಗಳನ್ನು ಎಣಿಸಬಲ್ಲದು, ಸೊಪ್ಪನ್ನು ಹರಿದು ಕೊಡಬಲ್ಲದು. ಯಾರೂ ನೆನಪಿಸದೆ ದಿನವೂ ಇದನ್ನೆಲ್ಲ ನಿಭಾಯಿಸುವುದು 10–12 ವರ್ಷದ ಮಕ್ಕಳಿಗೂ ಕಷ್ಟ. ನೀನು ನೋಡಿಕೊಳ್ಳದಿದ್ದರೆ ವಾಪಸ್ ಕೊಟ್ಟುಬಿಡುತ್ತೇನೆ ಎಂದು ಹೆದರಿಸುವುದನ್ನು ಕೇಳಿದ್ದೇನೆ. ಅದರಿಂದ ಮಗುವಿಗೆ ತಿಳಿಯುವುದು ಜೀವವನ್ನು ವಾಪಸ್ ಕೊಡಬಹುದು ಎಂಬುದೊಂದೇ. ಪ್ರಾಣಿ ಹೆಸರಿಗೆ ಮಗಳದ್ದಾಗಿರಲಿ, ಆದರೆ ಅದನ್ನು ಸಾಕುವವರು ನೀವು ಮತ್ತು ನಿಮ್ಮ ಪತಿ ಎಂಬುದನ್ನು ಒಪ್ಪಿಕೊಂಡೇ ತನ್ನಿ. ಈ ಮಾತನ್ನು ನಿಮ್ಮ ಅತ್ತೆಯವರೊಂದಿಗೂ ಮೊದಲೇ ಆಡಿಬಿಡುವುದು ಒಳ್ಳೆಯದು.

ರೋಗಗಳ ಬಗ್ಗೆ ನಿಮಗಿರುವ ಭಯ ಅತಿಯೂ ಅಲ್ಲ, ಆಧಾರವಿಲ್ಲದ್ದೂ ಅಲ್ಲ. ಗಿನಿಪಿಗ್ ಮತ್ತು ಮೊಲಗಳಿಂದ ಮಕ್ಕಳಿಗೆ ಹೆಚ್ಚಾಗಿ ಬರುವುದು ಹುಳುಕಡ್ಡಿ. ಚರ್ಮದ ಮೇಲೆ ದುಂಡನೆಯ ತುರಿಕೆಯ ಕಲೆ ಕಂಡರೆ ಮಗುವಿಗೂ ಪ್ರಾಣಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು. ಹ್ಯಾಮ್‌ಸ್ಟರ್ ಮತ್ತು ಇಲಿಗಳಲ್ಲಿರಬಹುದಾದ ಒಂದು ವೈರಸ್ ಗರ್ಭದಲ್ಲಿರುವ ಶಿಶುವಿಗೆ ಹಾನಿ ಮಾಡುವುದರಿಂದ ಗರ್ಭಿಣಿಯರು ಅವುಗಳ ಪಂಜರ ತೊಳೆಯಬಾರದು. ಇಲಿ ಜಾತಿಯ ಪ್ರಾಣಿ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಿ, ಮುಂದಿನ ದಿನಗಳಲ್ಲಿ ಜ್ವರ ಬಂದರೆ ಕಚ್ಚಿದ ವಿಷಯವನ್ನು ಮರೆಯದೆ ಹೇಳಿ. ಪ್ರಾಣಿಯನ್ನೋ ತೊಟ್ಟಿಯ ನೀರನ್ನೋ ಮುಟ್ಟಿದ ಬಳಿಕ 20 ಸೆಕೆಂಡ್ ಸೋಪಿನಿಂದ ಕೈ ತೊಳೆಯುವುದು, ಅಡುಗೆಮನೆಯ ಸಿಂಕಿನಲ್ಲಿ ಪಂಜರದ ಸಾಮಾನು ತೊಳೆಯದಿರುವುದು, ಪ್ರಾಣಿಗೆ ಮುತ್ತು ಕೊಡದಿರುವುದು, ಇಷ್ಟನ್ನು ಪಾಲಿಸಿದರೆ ಅಪಾಯದ ಬಹುಭಾಗ ಕಳೆಯುತ್ತದೆ.

ನಿಮ್ಮ ಪತಿಯವರ ಉಬ್ಬಸ ಮಾತ್ರ ಬೇರೆಯೇ ವಿಷಯ. ಅಲರ್ಜಿ ಬರುವುದು ಕೂದಲಿನಿಂದ ಎಂದು ತಿಳಿದು ಗಿಡ್ಡ ಕೂದಲಿನ ಪ್ರಾಣಿ ತರುವವರಿದ್ದಾರೆ. ಅಲರ್ಜಿಗೆ ಕಾರಣವಾಗುವ ಪ್ರೋಟೀನುಗಳು ಇರುವುದು ಜೊಲ್ಲು, ಮೂತ್ರ ಮತ್ತು ಚರ್ಮದ ಹೊಟ್ಟಿನಲ್ಲಿ. ಅದರ ಮೇಲೆ ಒಣಹುಲ್ಲಿನ ಧೂಳು, ಹಾಸಿಗೆಯಾಗಿ ಹಾಕುವ ಮರದ ಹೊಟ್ಟಿನ ಧೂಳು ಬೇರೆ. ಮೀನಿನ ತೊಟ್ಟಿಯಿಂದ ಈ ತೊಂದರೆ ಇಲ್ಲವಾದರೂ, ಒಣಗಿಸಿದ ಹುಳುಗಳಿಂದ ಮಾಡಿದ ಮೀನಿನ ಆಹಾರ ಕೆಲವರಿಗೆ ಅಲರ್ಜಿ ತರುತ್ತದೆ, ಅದನ್ನು ಪತಿಯವರು ಹಾಕದಿರಲಿ. ಮುಂದೆಂದಾದರೂ ಗಿನಿಪಿಗ್ ತರುವ ಯೋಚನೆಯಿದ್ದರೆ, ಅವುಗಳನ್ನು ಸಾಕಿರುವ ಪರಿಚಿತರ ಮನೆಯಲ್ಲಿ ಪತಿಯವರು ಬೇರೆ ಬೇರೆ ದಿನ ಗಂಟೆಗಟ್ಟಲೆ ಕೂತು ನೋಡಲಿ, ಅದಕ್ಕೂ ಮೊದಲು ತಮ್ಮ ವೈದ್ಯರನ್ನು ಕೇಳಲಿ.

ಹೀಗಾಗಿ ನನ್ನ ಸಲಹೆ: ಈಗ ಮೀನು. ಎರಡು ವರ್ಷ ಕಳೆದ ಮೇಲೆ, ಮಗಳಿಗೆ 7 ಮತ್ತು ಮಗನಿಗೆ ಮೂರೂವರೆ ಆದಾಗ, ಆಸೆ ಇನ್ನೂ ಉಳಿದಿದ್ದರೆ ಮತ್ತು ಪತಿಯವರ ಉಸಿರಾಟಕ್ಕೆ ತೊಂದರೆ ಕಾಣದಿದ್ದರೆ, ಒಂದು ಜೋಡಿ ಹೆಣ್ಣು ಗಿನಿಪಿಗ್. ಮರಿ ಮಾರುವ ಅಂಗಡಿಗಿಂತ, ಸಾಕಲಾಗದೆ ಬಿಟ್ಟ ಪ್ರಾಣಿಗಳನ್ನು ನೋಡಿಕೊಳ್ಳುವ ಆಶ್ರಯಗಳಲ್ಲಿ ಮೊದಲು ವಿಚಾರಿಸಿ. ಮನುಷ್ಯರಿಗೆ ಈಗಾಗಲೇ ಹೊಂದಿಕೊಂಡ ಜೋಡಿ ಅಲ್ಲಿ ಸಿಗುತ್ತದೆ. ಪ್ರಾಣಿ ಬರುವ ಮೊದಲೇ ಅದಕ್ಕೆ ಚಿಕಿತ್ಸೆ ಕೊಡಬಲ್ಲ ವೈದ್ಯರನ್ನು ಹುಡುಕಿಟ್ಟುಕೊಳ್ಳಿ, ಏಕೆಂದರೆ ನಾಯಿ ಬೆಕ್ಕು ನೋಡುವ ಎಲ್ಲರೂ ಇವುಗಳನ್ನು ನೋಡುವುದಿಲ್ಲ. ಮನೆಯಲ್ಲಿ ಉಳಿದ ಮಕ್ಕಳ ಅಮಾಕ್ಸಿಸಿಲಿನ್ ಸಿರಪ್ಪನ್ನು ಗಿನಿಪಿಗ್, ಮೊಲ, ಹ್ಯಾಮ್‌ಸ್ಟರ್‌ಗಳಿಗೆ ಎಂದೂ ಕುಡಿಸಬೇಡಿ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಗಳನ್ನು ಕೊಂದು ಅದು ಪ್ರಾಣಿಯನ್ನೇ ಕೊಲ್ಲುತ್ತದೆ. ನಾಯಿಯ ಉಣ್ಣೆ ಚಿಗಟಕ್ಕೆ ಬಳಸುವ ಫಿಪ್ರೊನಿಲ್ ಹನಿಗಳೂ ಮೊಲಕ್ಕೆ ವಿಷ.

ಕೊನೆಯದಾಗಿ, ಪತ್ರದಲ್ಲಿ ನೀವು ಕೇಳದ ಒಂದು ವಿಷಯ. ಎಷ್ಟೇ ಜೋಪಾನ ಮಾಡಿದರೂ ಗಪ್ಪಿ ಎರಡು ಮೂರು ವರ್ಷಕ್ಕಿಂತ ಹೆಚ್ಚು ಬದುಕುವುದಿಲ್ಲ, ಒಂದು ಬೆಳಿಗ್ಗೆ ಮಗಳು ಎಣಿಸುವಾಗ ಒಂದು ಕಡಿಮೆ ಬರುತ್ತದೆ. ಈ ವಯಸ್ಸಿನ ಮಕ್ಕಳಿಗೆ ಸತ್ತದ್ದು ಮತ್ತೆ ಬರುವುದಿಲ್ಲ ಎಂಬುದು ಇನ್ನೂ ಪೂರ್ತಿ ಮನವರಿಕೆಯಾಗಿರುವುದಿಲ್ಲ. ಅದು ಮಲಗಿದೆ ಎಂದು ಹೇಳಿದರೆ ತಾನು ಮಲಗಲು ಹೆದರುವ ಮಕ್ಕಳಿದ್ದಾರೆ, ರಾತ್ರೋರಾತ್ರಿ ಅದೇ ಬಣ್ಣದ ಇನ್ನೊಂದನ್ನು ತಂದು ಬಿಟ್ಟರೆ ಗುರುತಿಸಿಬಿಡುವವರೂ ಇದ್ದಾರೆ. ಮೀನು ಸತ್ತುಹೋಯಿತು, ಅದರ ದೇಹ ಇನ್ನು ಉಸಿರಾಡುವುದಿಲ್ಲ, ಅದಕ್ಕೆ ನೋವೂ ಇಲ್ಲ ಎಂದು ನೇರವಾಗಿ ಹೇಳಿ. ಅವಳು ಅದೇ ಪ್ರಶ್ನೆಯನ್ನು ವಾರವಿಡೀ ಕೇಳಿದರೂ ಅದೇ ಉತ್ತರ ಕೊಡಿ. ಅಂದೇ ನೀರಿನ ಅಮೋನಿಯವನ್ನೂ ಪರೀಕ್ಷಿಸಿ, ಏಕೆಂದರೆ ಉಳಿದ ಮೀನುಗಳಿಗೆ ಅಪಾಯವಿದೆಯೇ ಎಂಬುದು ಅದರಿಂದಲೇ ತಿಳಿಯುತ್ತದೆ.